ಎರಡು ಬೆರಳು ಹೆಚ್ಚು

“ಜ್ಯೋತ್ಸ್ನಾ” ಎಂದು ಪರದೆಯೊಳಗಿನ ಪ್ರೊಫೆಸರು ಹಾಜರಿ ಕರೆದಾಗ ತೃಪ್ತಿ ಎಂದಿನಂತೆ ಸುಮ್ಮನಿದ್ದಳು. ಎರಡನೆಯ ಸಲ ಕರೆಯಲಿ ಎಂದು ಕಾದಳು. ಹೊರಗಿನಿಂದ ಯಾರಾದರೂ ಒಮ್ಮೆ ಹೆಸರು ಹಿಡಿದು ಕರೆದರೆ ಓ ಅನ್ನಬಾರದು. ಕರೆದದ್ದು ಮನುಷ್ಯರಾದರೆ ಮತ್ತೊಮ್ಮೆ ಕರೆಯುತ್ತಾರೆ, ಉಳಿದವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ ಎಂದು ಸಣ್ಣಂದಿನಲ್ಲಿ ಅಮ್ಮ ಹೇಳಿಕೊಟ್ಟದ್ದು ನಾಲಗೆಯ ಬುಡದಲ್ಲಿ ಹಾಗೇ ಕೂತಿತ್ತು. ಒಂದನೇ ಕ್ಲಾಸಿನಲ್ಲಿ ಇದೇ ಅಭ್ಯಾಸಕ್ಕೆ ಮಾಷ್ಟ್ರ ಬೆತ್ತ ಬಿದ್ದಿತ್ತು. ಈಗ ಪಿಯು ಮಕ್ಕಳಿಗೆ ಫಿಸಿಕ್ಸ್ ಕಲಿಸುವವಳು, ಶನಿವಾರ ಮಧ್ಯಾಹ್ನ ಮೂಡುಬಿದಿರೆಯ ಈ ಕಂಪ್ಯೂಟರ್ ಲ್ಯಾಬಿನಲ್ಲಿ ಹವಾಮಾನದ ಕೋರ್ಸಿಗೆ ತಾನೇ ವಿದ್ಯಾರ್ಥಿಯಾಗಿ ಕೂತು ಅದೇ ತಪ್ಪು ಮಾಡುತ್ತಿದ್ದಳು. “ಜ್ಯೋತ್ಸ್ನಾ? ನಿಮ್ಮ ಆಡಿಯೋ ಸರಿ ಇದೆಯಾ?” ಎಂದು ಬೆಂಗಳೂರಿನ ಪ್ರೊಫೆಸರು ಕೇಳಿದರು. “ಪ್ರೆಸೆಂಟ್ ಸರ್” ಎಂದಳು. ಪ್ರತಿ ವಾರವೂ ಅವಳ ಆಡಿಯೋದ ಬಗ್ಗೆ ಒಬ್ಬ ವಿಜ್ಞಾನಿ ಚಿಂತಿಸಬೇಕಾಗುತ್ತಿತ್ತು. ಪಕ್ಕದ ಕುರ್ಚಿಯಲ್ಲಿದ್ದ ಜುವೈರಿಯಾ, ಬಂಟ್ವಾಳದ ಕಾಲೇಜಿನಲ್ಲಿ ಜಿಯಾಗ್ರಫಿ ಹೇಳುವ ಹುಡುಗಿ, ಬಾಯಿಗೆ ಶಾಲು ಅಡ್ಡ ಹಿಡಿದು ನಕ್ಕಳು.

ಹೆಸರಿನ ಸಂಗತಿಯನ್ನು ಜುವೈರಿಯಾಳಿಗೆ ಹೇಳಬೇಕೆಂದು ಎಷ್ಟೋ ಸಲ ಅನಿಸಿತ್ತು. ಹೇಳಲು ಹೊರಟರೆ ಅದು ತಮಾಷೆಯ ಕಥೆಯಾಗಿಬಿಡುತ್ತಿತ್ತು, ಅಥವಾ ತಮಾಷೆಯಾಗದೆ ಉಳಿದುಬಿಡುತ್ತಿತ್ತು. ಎರಡೂ ಬೇಡವೆಂದು ಸುಮ್ಮನಾಗಿದ್ದಳು. ಸಂಗತಿ ಇಷ್ಟೆ. ಜ್ಯೋತ್ಸ್ನಾ ಅವಳ ಅಕ್ಕ. ವರ್ಷ ತುಂಬುವ ಮೊದಲೇ ಜ್ವರ ಬಂದು ಹೋದವಳು. ಮರುವರ್ಷ ತೃಪ್ತಿ ಹುಟ್ಟಿದಳು. ಅವಳ ಜನನವನ್ನು ಪಂಚಾಯತಿನಲ್ಲಿ ಬರೆಸಲು ಮಡಂತ್ಯಾರಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ ಏಜೆಂಟಾಗಿದ್ದ ಅಪ್ಪನಿಗೆ ಪುರುಸೊತ್ತಾಗಲಿಲ್ಲ. ಶಾಲೆಗೆ ಸೇರಿಸುವಾಗ ಹೆಡ್‌ಮಾಷ್ಟ್ರು ಬರ್ತ್ ಸರ್ಟಿಫಿಕೇಟ್ ಕೇಳಿದರು. ಮನೆಯಲ್ಲಿ ಹೆಣ್ಣುಮಗುವಿನದ್ದೊಂದು ಇತ್ತು. “ಇದ್ದದ್ದನ್ನು ಯಾಕೆ ಹಾಳು ಮಾಡುವುದು” ಎಂದರಂತೆ ಅಪ್ಪ. ಹಾಗೆ ನಾಲ್ಕು ವರ್ಷದ ತೃಪ್ತಿ ಆರು ವರ್ಷದ ಜ್ಯೋತ್ಸ್ನಾ ಆಗಿ ಒಂದನೇ ಕ್ಲಾಸಿನ ಬೆಂಚಿನ ಮೇಲೆ ಕಾಲು ನೆಲಕ್ಕೆ ಮುಟ್ಟದೆ ಕೂತಳು. ಆಮೇಲೆ ಮಾರ್ಕ್ಸ್‌ಕಾರ್ಡ್, ಡಿಗ್ರಿ, ಆಧಾರ್, ಸಂಬಳ ಎಲ್ಲ ಜ್ಯೋತ್ಸ್ನಾಳದ್ದೇ. ರಿಟೈರ್ ಆಗುವುದೂ ಅಕ್ಕನ ಲೆಕ್ಕದಲ್ಲಿ, ಎರಡು ವರ್ಷ ಮೊದಲೇ. ಮನೆಯಲ್ಲಿ ಮಾತ್ರ ಅವಳು ತೃಪ್ತಿ. ಅಲ್ಲಿ ಜ್ಯೋತ್ಸ್ನಾ ಎಂದರೆ ಜ್ಯೋತ್ಸ್ನಾಳೇ.

ಪ್ರೊಫೆಸರು ಎರಡು ಜಗತ್ತುಗಳ ಬಗ್ಗೆ ಹೇಳುತ್ತಿದ್ದರು. ಒಂದು, ಇದ್ದದ್ದು: ಕಾರ್ಖಾನೆ, ಕಾರು, ಕಲ್ಲಿದ್ದಲು, ಎಲ್ಲದರ ಹೊಗೆ ಸೇರಿಸಿ ಕಂಪ್ಯೂಟರಿನಲ್ಲಿ ನಡೆಸಿದ ಭೂಮಿ. ಇನ್ನೊಂದು ಅದೇ ಭೂಮಿ, ಅದೇ ಸಮುದ್ರ, ಅದೇ ಸೂರ್ಯ. ಹೊಗೆ ಮಾತ್ರ ಏಳಲೇ ಇಲ್ಲ. ಅದನ್ನೂ ವರ್ಷದಿಂದ ವರ್ಷಕ್ಕೆ ಇಲ್ಲಿಯವರೆಗೆ ನಡೆಸಿಕೊಂಡು ಬರಬೇಕು. ಆ ಭೂಮಿ ಎಲ್ಲಿಯೂ ಇಲ್ಲ, ಆದರೆ ಅಲ್ಲಿಯೂ ಮುಂಗಾರು ಬರುತ್ತದೆ, ಅಲ್ಲಿಯೂ ಇವತ್ತು ಶನಿವಾರ. “ಆಗಿದ್ದರಿಂದ ಆಗದೇ ಇದ್ದದ್ದನ್ನು ಕಳೆಯಿರಿ. ಉಳಿಯುವುದೇ ನಾವು ಮಾಡಿದ್ದು” ಎಂದರು. ತಮ್ಮ ವಾಕ್ಯ ತಮಗೇ ಮೆಚ್ಚಿಗೆಯಾದವರಂತೆ ನೀರು ಕುಡಿದರು. ತೃಪ್ತಿ ಬರೆದುಕೊಳ್ಳುತ್ತಿದ್ದ ಪೆನ್ನು ಕೆಳಗಿಟ್ಟಳು. ಇದನ್ನು ಕಲಿಯಲು ವಿಶ್ವವಿದ್ಯಾಲಯಕ್ಕೆ ಫೀಸು ಕಟ್ಟಿ ಇಲ್ಲಿಯವರೆಗೆ ಬರಬೇಕಿತ್ತೇ? ಅವಳ ಅಮ್ಮ ಏಳನೇ ಕ್ಲಾಸು. ಸಿದ್ಧಕಟ್ಟೆಯ ಅಡಿಗೆಮನೆಯಲ್ಲಿ ಕೂತು ಆಗದೇ ಇದ್ದ ಜಗತ್ತೊಂದನ್ನು ಒಂದು ವರ್ಷವೂ ತಪ್ಪಿಸದೆ ನಡೆಸಿಕೊಂಡು ಬಂದಿದ್ದಳು. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ, ಸತ್ತವರಿಗೆ ಬಡಿಸುವ ದಿನ, ಜ್ಯೋತ್ಸ್ನಾಳ ಎಲೆಗೆ ಮೊದಲು ಹಾಲು ಬರುತ್ತಿತ್ತು; ಕೆಲವು ವರ್ಷದ ಮೇಲೆ ಮೆತ್ತಗಿನ ಗಂಜಿ; ಮತ್ತೆ ಉಪ್ಪಿನಕಾಯಿಯ ಒಂದು ಹೋಳು. ಮೀನಿನ ಗಸಿ ಬಂದ ವರ್ಷ ಅಮ್ಮ “ಅವಳಿಗೆ ಈಗ ಖಾರ ಆಗುತ್ತದೆ” ಎಂದಿದ್ದಳು, ನೆರೆಮನೆಗೆ ಹೇಳುವ ಹಾಗೆ. ಆ ಎಲೆಯ ಮುಂದೆ ಒಂದು ಹೊಸ ಬಟ್ಟೆ ಇಡಬೇಕು. ಸತ್ತ ಮಗುವಿನ ಅಳತೆ ಎಲ್ಲಿಂದ ತರುವುದು? ಟೈಲರ್ ತೃಪ್ತಿಯ ಅಳತೆ ತೆಗೆಯುತ್ತಿದ್ದ, ಅಮ್ಮ ಪಕ್ಕದಲ್ಲಿ ನಿಂತು “ಎರಡು ಬೆರಳು ಹೆಚ್ಚು ಇಡಿ” ಎನ್ನುತ್ತಿದ್ದಳು. ದೊಡ್ಡವಳಲ್ಲವೇ. ಎಲೆ ಎತ್ತಿದ ಮೇಲೆ ಬಟ್ಟೆ ಪೆಟ್ಟಿಗೆಗೆ ಹೋಗುತ್ತಿತ್ತು; ಅದಕ್ಕೆ ತಕ್ಕಷ್ಟು ಬೆಳೆದ ಮೇಲೆ ತೃಪ್ತಿ ಅದನ್ನು ಉಡುತ್ತಿದ್ದಳು. ಹೊಸದೆಂದು ಅವಳು ಉಟ್ಟದ್ದೆಲ್ಲ ಒಬ್ಬರು ಉಟ್ಟು ಬಿಟ್ಟದ್ದು, ಉಟ್ಟವರನ್ನು ಕಂಡವರಿಲ್ಲ.

“ಮೇಡಂ, ನಿಮ್ಮ ಜಗತ್ತು ತಣ್ಣಗಾಗಿದೆ.”

ಜುವೈರಿಯಾ ಅವಳ ಪರದೆಯತ್ತ ಬಾಗಿದ್ದಳು. ಪಶ್ಚಿಮ ಕರಾವಳಿಯ ಐವತ್ತು ಕಿಲೋಮೀಟರಿನ ಒಂದು ಚೌಕ ಅವರಿಬ್ಬರ ಪಾಲಿಗೆ ಬಂದಿತ್ತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಅದರೊಳಗೆ. ಮೂರಕ್ಕೂ ಒಂದೇ ಉಷ್ಣತೆ, ಒಂದೇ ಮಳೆ. ಬೆಳುವಾಯಿಯಲ್ಲಿ ಸುರಿದು ಸಿದ್ಧಕಟ್ಟೆಯಲ್ಲಿ ಬಿಸಿಲು ಕಾಯುವ ನಿತ್ಯದ ಅನ್ಯಾಯ ಕಂಪ್ಯೂಟರಿನ ಮಾದರಿಗೆ ಕಾಣುವುದಿಲ್ಲ. ಚೌಕಕ್ಕಿಂತ ಸಣ್ಣದಾದದ್ದನ್ನು ಅದು ಅಂದಾಜಿನಲ್ಲಿ ಸುಧಾರಿಸಿಕೊಳ್ಳುತ್ತದೆ. ತೃಪ್ತಿಯ ಗ್ರಾಫಿನಲ್ಲಿ ಗೆರೆ ಕೆಳಗೆ ಕೆಳಗೆ ಇಳಿದಿತ್ತು. ಇಡೀ ಪ್ರಪಂಚ ಬಿಸಿಯಾಗುವಾಗ ಅವಳ ಚೌಕ ಒಂದೇ ತಂಪಾಗಿತ್ತು.

“ಫೈಲು ಅದಲುಬದಲು ಮಾಡಿದ್ದೀರಿ,” ಎಂದಳು ಜುವೈರಿಯಾ. “ಇಲ್ಲದ್ದನ್ನು ಇದ್ದದ್ದು ಅಂತ ಹಾಕಿ, ಇದ್ದದ್ದನ್ನು ಅದರಿಂದ ಕಳೆದಿದ್ದೀರಿ. ತಲೆ ಎಲ್ಲಿ ಉಂಟು ಇವತ್ತು? ಅಲ್ಲ, ತಲೆ ಎಲ್ಲಿ ಉಂಟು ಅಂತ ನನಗೆ ಗೊತ್ತುಂಟು.”

“ಎಲ್ಲಿ?”

“ಮದುವೆಯಲ್ಲಿ.” ಜುವೈರಿಯಾ ಸ್ವರ ತಗ್ಗಿಸಿದಳು. “ನಮ್ಮ ಅಣ್ಣ ಅಸ್ಕರ್‌ನ ಹತ್ತಿರ ಶಾಮಿಯಾನ, ಕುರ್ಚಿ ಎಲ್ಲ ಬುಕ್ ಆಗಿದೆಯಲ್ಲ. ನಾಳೆ, ಸಿದ್ಧಕಟ್ಟೆ, ಜ್ಯೋತ್ಸ್ನಾ ಮದುವೆ. ಅಣ್ಣ ಹೇಳುವಾಗ ನಾನು ಬಿದ್ದುಹೋಗುವುದೊಂದು ಬಾಕಿ. ಇಷ್ಟು ಹತ್ತಿರ ಕೂತುಕೊಳ್ತೇವೆ, ಒಂದು ಮಾತು ಹೇಳಬಾರದಾ? ಊಟಕ್ಕೆ ಕರೆಯುವುದು ಬೇಡ, ಮಾರಾಯ್ತಿ. ನಾನೇನು ನಿಮ್ಮ ಕೋರಿರೊಟ್ಟಿ ಕಾಣದವಳಾ.”

ತೃಪ್ತಿ ನಕ್ಕಳು. ನಗುವುದೇ ಸುಲಭವಾಗಿತ್ತು. “ನನ್ನದಲ್ಲ. ಅಕ್ಕನದ್ದು” ಎಂದಳು. “ನಿಮಗೆ ಅಕ್ಕ ಉಂಟಾ?” “ಇಲ್ಲ.” ಜುವೈರಿಯಾ ಅವಳ ಮುಖ ನೋಡಿದಳು. ಈ ಊರಿನಲ್ಲೇ ಹುಟ್ಟಿ ಬೆಳೆದವಳು. ಆಟಿ ತಿಂಗಳಲ್ಲಿ ಬದುಕಿದ್ದವರ ಮದುವೆ ಆಗುವುದಿಲ್ಲ, ಸತ್ತವರಿಗೆ ಮಾಡುವ ಮದುವೆ ಮಾತ್ರ ಎಂದು ಅವಳಿಗೂ ಗೊತ್ತಿತ್ತು. ಖುಷಿಯಲ್ಲಿ ಅಷ್ಟು ಹೊತ್ತು ಮರೆತಿದ್ದಳು ಅಷ್ಟೆ. “ಓ” ಎಂದಳು ಮೆಲ್ಲಗೆ. ಆಮೇಲೆ ಫೈಲುಗಳನ್ನು ತಾನೇ ಸರಿಯಾದ ಜಾಗಕ್ಕೆ ಹಾಕಿಕೊಟ್ಟಳು. ಗೆರೆ ಮೇಲೆದ್ದಿತು. ಕೆಂಪು ಬಣ್ಣದಲ್ಲಿ, ಮೇಲಕ್ಕೆ, ಎಲ್ಲರದ್ದರ ಹಾಗೆ.

ಸಿದ್ಧಕಟ್ಟೆಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿದರೂ ಬಿಸಿಲಿಗೆ ಕೂರುವ ಹಾಗಿರಲಿಲ್ಲ. ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಒಡೆಯುತ್ತದೆ ಎಂದು ಹಿರಿಯರು ಹೇಳುತ್ತಿದ್ದುದು ಎಲ್ಲೋ ಒಂದು ದಿನ ಮಳೆ ಬಿಟ್ಟಾಗ. ಈ ವರ್ಷ ವಾರವಿಡೀ ಆನೆ ಹುಡುಕಿಕೊಂಡು ಬಂದ ಹಾಗೆ ಹೊಡೆಯುತ್ತಿತ್ತು. ಆಗದೇ ಇದ್ದ ಭೂಮಿಯಲ್ಲಿ ಈ ಹೊತ್ತಿಗೆ ಮಳೆ ಬರುತ್ತಿದೆಯೋ ಏನೋ. ಅಲ್ಲಿಯೂ ಒಂದು ಬಸ್ಸು ಇದೇ ತಿರುವಿನಲ್ಲಿ ಹಾರ್ನ್ ಹಾಕುತ್ತಿರಬಹುದು. ಕಿಟಕಿಯಲ್ಲಿ ಜ್ಯೋತ್ಸ್ನಾ ಕೂತಿರಬಹುದು, ಕನ್ನಡಕವಿಲ್ಲದೆ. ಅಲ್ಲಿ ತೃಪ್ತಿ ಎಲ್ಲಿ ಕೂತಿರುತ್ತಾಳೆ ಎಂಬ ಲೆಕ್ಕವನ್ನು ಅವಳು ಎಂದೋ ಮಾಡಿ ಮುಗಿಸಿದ್ದಳು. ಅಣ್ಣ ಜಿತೇಶ್ ಮೊದಲು, ಆಮೇಲೆ ಜ್ಯೋತ್ಸ್ನಾ. ಒಂದು ಗಂಡು, ಒಂದು ಹೆಣ್ಣು. ಆಸ್ಪತ್ರೆಯ ಗೋಡೆಯ ಮೇಲೆ ಬರೆದಿದ್ದ ಹಾಗೆ ನಾವಿಬ್ಬರು ನಮಗಿಬ್ಬರು. ಅಪ್ಪ ಗೋಡೆಯ ಮೇಲೆ ಬರೆದದ್ದನ್ನು ನಂಬುವ ಮನುಷ್ಯ. ಜ್ವರ ಬರದಿದ್ದರೆ ಲೆಕ್ಕ ಅಲ್ಲಿಗೇ ಸರಿಯಾಗಿತ್ತು. ಬಂದದ್ದರಿಂದ ಇನ್ನೊಂದು ಮಗು ಬೇಕಾಯಿತು, ಅದು ಹುಟ್ಟಿದ ಮೇಲೆ ಸಾಕು ಎನಿಸಿ ತೃಪ್ತಿ ಎಂದು ಹೆಸರಿಟ್ಟರು. ಇದ್ದದ್ದರಿಂದ ಇಲ್ಲದ್ದನ್ನು ಕಳೆದರೆ ಉಳಿಯುವುದು ಅವಳೇ. ಹೊಗೆಯ ಹಾಗೆ.

ಜ್ಯೋತ್ಸ್ನಾಳನ್ನು ನೋಡಲು ಬಂದವರೂ ಈ ಬಸ್ಸಿನಲ್ಲೇ ಬಂದಿದ್ದರೇನೋ, ಇಲ್ಲ, ಅವರದ್ದು ಕಾರು. ಮಡಂತ್ಯಾರಿನವರು. ಅವರ ಹುಡುಗ ಚಿದಾನಂದ ಎಂಟು ವರ್ಷದವನಿರುವಾಗ ಹಾವು ಕಚ್ಚಿ ಹೋದವನು. ಅವರು ಬರುವುದಕ್ಕೂ ಮೊದಲು ಅತ್ತಿಗೆ ಕಾಂತಿಗೆ ಮೇಲಿಂದ ಮೇಲೆ ಕೆಟ್ಟ ಕನಸು ಬಿದ್ದು, ಜೋಯಿಸರ ಹತ್ತಿರ ಕೇಳಿದಾಗ, ಮನೆಯಲ್ಲಿ ದೊಡ್ಡ ಹುಡುಗಿಯ ಮದುವೆ ಬಾಕಿ ಉಂಟು, ಅದಾಗದೆ ಯಾವುದೂ ನೆಟ್ಟಗಾಗುವುದಿಲ್ಲ ಎಂದಿದ್ದರು. ಕಾಂತಿ ಅದನ್ನು ಬಂದು ಹೇಳಿದಾಗ ತೃಪ್ತಿ ಮಜ್ಜಿಗೆಗೆ ಒಗ್ಗರಣೆ ಹಾಕುತ್ತಿದ್ದಳು. ಒಂದು ಗಳಿಗೆ, ಸಾಸಿವೆ ಸಿಡಿಯುವಷ್ಟು ಹೊತ್ತು, ತನ್ನನ್ನೇ ಅಂದದ್ದೆಂದುಕೊಂಡು ಕಿವಿ ಬಿಸಿಯಾಗಿತ್ತು. ಆಮೇಲೆ ತಿಳಿಯಿತು. ಆ ಒಂದು ಗಳಿಗೆಯನ್ನು ಅತ್ತಿಗೆ ಗಮನಿಸಿದಳೋ ಇಲ್ಲವೋ ಎಂಬುದು ಇವತ್ತಿಗೂ ಇತ್ಯರ್ಥವಾಗಿರಲಿಲ್ಲ. ತೃಪ್ತಿಗೂ ಸಂಬಂಧಗಳು ಬಂದಿದ್ದವು. ಸರ್ಟಿಫಿಕೇಟಿನಲ್ಲಿ ಒಂದು ವಯಸ್ಸು, ಜಾತಕದಲ್ಲಿ ಒಂದು ವಯಸ್ಸು. ಗಂಡಿನ ಕಡೆಯವರು ಎರಡರಲ್ಲಿ ದೊಡ್ಡದನ್ನೇ ನಂಬುತ್ತಿದ್ದರು. ಮಡಂತ್ಯಾರಿನವರು ಹಾಗಲ್ಲ. ಹುಡುಗನ ತಾಯಿ ಸೋಫಾದಲ್ಲಿ ಕೂತು, ಹುಡುಗಿಯ ಫೋಟೋ ಇಲ್ಲವೆಂದ ಮೇಲೆ, ಚಾ ತಂದ ತೃಪ್ತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ್ದರು.

“ಹುಡುಗಿ ಹೀಗೇ ಇರ್ತಿದ್ದಳಾ?”

“ಎರಡು ಬೆರಳು ಎತ್ತರ” ಎಂದಿದ್ದಳು ಅಮ್ಮ.

“ಕನ್ನಡಕ?”

“ಇಲ್ಲ, ಇಲ್ಲ. ಅವಳ ಕಣ್ಣು ಒಳ್ಳೇದಿತ್ತು.”

“ಕೂದಲು ಇಷ್ಟೇನಾ?”

“ಅವಳದ್ದು ಹುಟ್ಟುವಾಗಲೇ ದಟ್ಟ. ಇವಳದ್ದು ಅಪ್ಪನ ಕಡೆಯದ್ದು.”

ಹುಡುಗನ ತಾಯಿ ತಲೆ ಆಡಿಸಿ, ಚಾ ಕುಡಿದು, ಒಪ್ಪಿಗೆ ಎಂದಿದ್ದರು. ಜೀವಮಾನದಲ್ಲಿ ಮೊದಲ ಸಲ ತೃಪ್ತಿಯನ್ನು ನೋಡಿ ಹೋದವರು ಒಪ್ಪಿಗೆ ಎಂದದ್ದು. ಅಂದು ಸಂಜೆ ಅವಳು ಕನ್ನಡಿಯ ಮುಂದೆ ಕನ್ನಡಕ ತೆಗೆದು ನಿಂತಿದ್ದಳು. ಎದುರಿನ ಆಕಾರ ಮಸುಕಾಗಿ, ಅಂಚು ಕದಡಿ, ನಿಜವಾಗಿಯೂ ಎರಡು ಬೆರಳು ದೊಡ್ಡದಾಗಿ ಕಂಡಿತ್ತು. ಬೇಗ ಕನ್ನಡಕ ಹಾಕಿಕೊಂಡಿದ್ದಳು.

ಮನೆಯ ಮುಂದೆ ಆಗಲೇ ಶಾಮಿಯಾನದ ಕಂಬ ಬಿದ್ದಿತ್ತು. ಹಾಲಿನ ಸೋಫಾ, ಟಿವಿ ಹೊರಬಂದು ಪೋರ್ಟಿಕೋದಲ್ಲಿ ನಿಂತಿದ್ದವು, ಯಾರೋ ಮನೆ ಬಿಟ್ಟು ಹೋಗುವವರದ್ದರ ಹಾಗೆ. ಒಳಕೋಣೆಯಲ್ಲಿ ಮಂಚದ ಮೇಲೆ ಹಸಿರು ಅಂಚಿನ ಕೆಂಪು ಸೀರೆ, ಕರಿಮಣಿ, ಬಳೆ, ಬೆಳ್ಳಿಯ ಕಾಲುಂಗುರ. ಟೈಲರಿಂದ ಬಂದ ಕುಪ್ಪಸವನ್ನು ಅಮ್ಮ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಯಾವತ್ತಿನಂತೆ ತೃಪ್ತಿಯದ್ದೇ ಅಳತೆ.

“ಒಮ್ಮೆ ಹಾಕಿ ನೋಡ್ತೀಯಾ ಮಗಾ?”

ತೃಪ್ತಿ ಚೀಲವನ್ನೂ ಇಳಿಸಿರಲಿಲ್ಲ. ಬೇಡ ಎನ್ನಬಹುದಿತ್ತು. ಬಸ್ಸಿನ ಬೆವರು, ನಾಳೆಯ ಸೀರೆಗೆ ಮೈಲಿಗೆ ಎನ್ನಬಹುದಿತ್ತು. ನಲವತ್ತರ ಹೆಂಗಸಿಗೆ ನೆವಗಳಿಗೇನು ಬರ. ಬಾಗಿಲು ಹಾಕಿ, ಬೆನ್ನು ತಿರುಗಿಸಿ ಹಾಕಿಕೊಂಡಳು. ತೋಳು ಇಳಿದಿತ್ತು. ಎದೆಯ ಹತ್ತಿರ ಗಾಳಿ ಆಡುತ್ತಿತ್ತು. ಇನ್ನೊಬ್ಬಳು ಒಳಗೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ ಹಾಗೆ. ಅಮ್ಮ ಬಂದು ಹಿಂದಿನಿಂದ ಬೆರಳು ತೂರಿಸಿ ನೋಡಿದಳು. ಅಮ್ಮನ ಬೆರಳು ಈ ನಡುವೆ ಯಾವಾಗಲೂ ತಣ್ಣಗಿರುತ್ತಿತ್ತು.

“ಸಡಿಲ ಉಂಟಾ?”

“ಎರಡು ಬೆರಳು ಸಡಿಲ.”

“ಹಾಗಾದರೆ ಸರಿ” ಎಂದಳು ಅಮ್ಮ. ಬೆರಳು ತೆಗೆಯಲಿಲ್ಲ. ಅಳತೆ ನೋಡುವ ಕೆಲಸ ಮುಗಿದಿತ್ತು, ಕೈ ಅಲ್ಲೇ ಇತ್ತು. ಆ ಕೈ ಯಾರ ಬೆನ್ನ ಮೇಲಿದೆ ಎಂದು ಕೇಳುವ ಧೈರ್ಯ ತೃಪ್ತಿಗಾಗಲಿಲ್ಲ. ಅದರ ಬದಲು “ನಾಳೆ ನಾನೂ ಒಳಗೆ ಇರ್ತೇನೆ” ಎಂದಳು.

“ಮದುವೆ ಆಗದವರು ನೋಡುವ ಹಾಗಿಲ್ಲ, ನಿನಗೆ ಗೊತ್ತುಂಟಲ್ಲ. ಮಕ್ಕಳೂ ಇಲ್ಲ, ಆಗದವರೂ ಇಲ್ಲ.”

“ಅವಳ ಹೆಸರು ಇಷ್ಟು ವರ್ಷ ಹೊತ್ತವಳು ನಾನು.”

ಅಮ್ಮ ಮಂಚದ ತುದಿಯಲ್ಲಿ ಕೂತಳು, ಸೀರೆಯನ್ನು ಸ್ವಲ್ಪ ಆಚೆ ಸರಿಸಿ. ಕೂತವರನ್ನು ಸರಿಸುವ ಹಾಗೆ. “ನನಗೆ ಅದೇ ಹೆದರಿಕೆ” ಎಂದಳು. “ನಾಳೆ ಸಂಕಪ್ಪಣ್ಣ ಮೂರು ಸಲ ಕರೀತಾನೆ. ಹುಡುಗಿ ಬಂದದ್ದಕ್ಕೆ ಏನಾದರೂ ಗುರುತು ಸಿಗಬೇಕು. ಹೂ ಬೀಳಬೇಕು, ದೀಪ ಅಲ್ಲಾಡಬೇಕು. ಮೂರರೊಳಗೆ ಬರದಿದ್ದರೆ ಅವರು ಎದ್ದು ಹೋಗ್ತಾರೆ, ಅವರದ್ದು ಕ್ರಮ ಗಟ್ಟಿ. ಅವಳಿಗೆ ತನ್ನ ಹೆಸರು ಗೊತ್ತಿರ್ತದಾ? ತಿಂಗಳ ಮಗುವಿಗೆ ಇಟ್ಟದ್ದು, ಸರಿಯಾಗಿ ಕಿವಿಗೆ ಬೀಳುವ ಮೊದಲೇ ಹೋದಳು. ಆಮೇಲೆ ನಾವು ಅದನ್ನು ಕಿತ್ತು ನಿನಗೆ ಕೊಟ್ಟೆವು. ಊರೆಲ್ಲ ಆ ಹೆಸರಲ್ಲಿ ನಿನ್ನನ್ನು ಕರೆಯುವಾಗ ಅವಳು ಕೇಳಿಕೊಂಡು, ಇದು ನನ್ನದಲ್ಲ ಅಂತ ಸುಮ್ಮನೆ ಕೂತಿರ್ತಾಳೆ. ಅಲ್ಲವಾ?”

ತೃಪ್ತಿ ಬೆನ್ನು ತಿರುಗಿಸಿದಳು. ಕುಪ್ಪಸ ಬಿಚ್ಚಿ ಮಡಿಸಿ ಕೊಟ್ಟಳು.

ಮರುದಿನ ಬೆಳಗ್ಗೆ ಮಡಂತ್ಯಾರಿನವರು ಎರಡು ಕಾರಿನಲ್ಲಿ ಬಂದರು. ಕಾಲು ತೊಳೆಯಲು ನೀರು, ಕುಡಿಯಲು ಬೆಲ್ಲ ನೀರು, ಬಿಸಿಲಿನ ಮಾತು, ಮೀನಿನ ಮಾತು. ಸಂಕಪ್ಪ, ಅಮ್ಮನ ಅಣ್ಣ, ಜರಿಯ ಶಾಲು ಹೊದ್ದು ಪೋರ್ಟಿಕೋದಲ್ಲಿ ನಿಂತಿದ್ದ. ಬಂದವರಿಗೆಲ್ಲ “ಹುಡುಗಿಯದ್ದು ಅಲಂಕಾರ ಆಗ್ತಾ ಉಂಟು, ಸ್ವಲ್ಪ ಕೂತುಕೊಳ್ಳಿ” ಎನ್ನುತ್ತಿದ್ದ, ಕಣ್ಣು ಕೂಡ ಮಿಟುಕಿಸದೆ. ಅಲಂಕಾರಕ್ಕೆ ನಿಜವಾಗಿಯೂ ಹೊತ್ತು ಹಿಡಿಯಿತು. ಒಳಗೆ ಕಾಂತಿ ಕುರ್ಚಿಗೆ ಸೀರೆ ಉಡಿಸುತ್ತಿದ್ದಳು. ನೆರಿಗೆ ನಿಲ್ಲುವುದಿಲ್ಲವೆಂದು ಪಿನ್ನು ಕೇಳಿ ಕೂಗಿದಳು. ಪಿನ್ನು ಕೊಟ್ಟದ್ದು ತೃಪ್ತಿ, ಬಾಗಿಲ ಸಂದಿಯಿಂದ, ಮುಖ ಆಚೆ ತಿರುಗಿಸಿ. ಆಮೇಲೆ ಎಲ್ಲರೂ ಒಳಗೆ ಹೋಗಿ ಬಾಗಿಲು ಮುಚ್ಚಿದರು. ಕಿಟಕಿಗೆ ಪರದೆ ಬಿತ್ತು.

ಹೊರಗೆ ಉಳಿದವರು ಜಿತೇಶನ ಮಗಳು, ಬಂದವರ ಇಬ್ಬರು ಮಕ್ಕಳು, ಒಂದೇ ಫೋನಿಗೆ ಮೂವರೂ ತಲೆ ತೂರಿಸಿಕೊಂಡು. ಕುರ್ಚಿ ಹಾಕಿಸಲು ಬಂದ ಅಸ್ಕರ್. ಮತ್ತು ಫಿಸಿಕ್ಸ್ ಲೆಕ್ಚರರ್. ಅಸ್ಕರ್ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಒರಸಿ ಕಿಟಕಿಯ ಬದಿಗೆ, ನೆರಳಿಗೆ ಇಟ್ಟ.

“ಕೂತುಕೊಳ್ಳಿ ಮೇಡಂ. ಜುವೈರಿಯಾ ನಿನ್ನೆ ಹೇಳಿದಳು, ಬೇಜಾರ ಮಾಡಿಕೊಳ್ಳಬೇಡಿ ಅಂತ ಹೇಳಲಿಕ್ಕೆ ಹೇಳಿದಳು.”

“ಬೇಜಾರ ಎಂಥದ್ದು.”

“ನೀವು ಒಳಗೆ ಹೋಗುವುದಿಲ್ವಾ?”

“ನನಗೆ ಮದುವೆ ಆಗಲಿಲ್ಲ.”

“ಹೌದಾ” ಎಂದ ಅಸ್ಕರ್, ತನ್ನಿಂದಲೇ ಏನೋ ತಪ್ಪಾದವನಂತೆ ಶಾಮಿಯಾನದ ಹಗ್ಗ ಎಳೆದು ನೋಡಿದ. ಸ್ವಲ್ಪ ಹೊತ್ತಿನ ಮೇಲೆ, “ಮತ್ತೆ, ಒಳಗೆ ಆ ಎರಡು ಕುರ್ಚಿ ಕೊಟ್ಟಿದ್ದೇನಲ್ಲ. ಅದು ಯಾವುದು ಅಂತ ಆಮೇಲೆ ಒಮ್ಮೆ ತೋರಿಸಿ. ಉಳಿದದ್ದರ ಜೊತೆ ಒಂದರ ಮೇಲೆ ಒಂದು ಹಾಕುವುದು ಬೇಡ. ಹೇಗೂ ಇರಲಿ, ಬೇರೆಯೇ ತಗೊಂಡು ಹೋಗುವ.”

ಒಳಗೆ ಮಾತು ನಿಂತಿತು. ಫ್ಯಾನಿನ ಸದ್ದೂ ನಿಂತಿತು. ದೀಪ ಅಲ್ಲಾಡಿದರೆ ಅದು ಫ್ಯಾನಿನಿಂದ ಆಗಬಾರದಲ್ಲ, ಇಲ್ಲಿಯೂ ಒಂದು ಪ್ರಯೋಗದ ಶಿಸ್ತು ಇತ್ತು. ಸಂಕಪ್ಪ ಮಾವ ಗಂಟಲು ಸರಿಮಾಡಿಕೊಂಡು ತುಳುವಿನಲ್ಲಿ ಹಿರಿಯರನ್ನು ನೆನೆದ, ಮನೆತನ ಹೇಳಿದ, ಹುಡುಗನ ಮನೆತನ ಹೇಳಿದ. ಆಮೇಲೆ ಕರೆದ.

“ಜ್ಯೋತ್ಸ್ನಾ, ಬಲ.”

ಬಾ. ತೃಪ್ತಿಯ ಬೆನ್ನು ತಾನಾಗಿ ನೆಟ್ಟಗಾಯಿತು. ಈ ಮನೆಯೊಳಗೆ ಆ ಹೆಸರನ್ನು ಯಾರೂ ಅಷ್ಟು ಗಟ್ಟಿಯಾಗಿ ಕರೆದಿರಲಿಲ್ಲ. ಶಾಲೆಯಲ್ಲಿ, ಬ್ಯಾಂಕಿನಲ್ಲಿ, ಪರದೆಯ ಮೇಲೆ ಕರೆದಾಗ ಅದು ಬಿಸಿಲಿಗೆ ಹಿಡಿಯುವ ಕೊಡೆಯ ಹಾಗೆ ಯಾರದ್ದಾದರೂ ಸರಿ ಎಂಬಂಥ ಹೆಸರು. ಇಲ್ಲಿ ಕರೆದಾಗ ಅದಕ್ಕೊಂದು ಕತ್ತು, ದಟ್ಟ ಕೂದಲು, ಒಳ್ಳೆಯ ಕಣ್ಣು ಬಂದವು. ಮೊದಲ ಕರೆಗೆ ಓ ಅನ್ನಬಾರದು. ಒಳಗೂ ಯಾರೂ ಅನ್ನಲಿಲ್ಲ. ಕುರ್ಚಿಯೊಂದು ಕಿರುಗುಟ್ಟಿತು, ಅದು ದಪ್ಪದ ಯಾರೋ ಬದುಕಿದ್ದವರದು.

“ಜ್ಯೋತ್ಸ್ನಾ, ಬಲ ಮಗಾ.”

ಈಗ ಬರಬಹುದು. ಈಗ ಬಂದರೆ ತಪ್ಪಿಲ್ಲ, ಎಂದು ತೃಪ್ತಿ ಒಳಗಿನವಳಿಗೆ ಮನಸ್ಸಿನಲ್ಲೇ ಹೇಳಿದಳು, ಹೊಸಬರಿಗೆ ಕ್ಲಾಸಿನ ಕ್ರಮ ಹೇಳಿಕೊಡುವ ಹಾಗೆ. ನಾನು ಯಾವಾಗಲೂ ಎರಡನೆಯದಕ್ಕೇ ಹೇಳುವುದು. ಎದ್ದು ನಿಲ್ಲುವುದು ಬೇಡ, ಒಂದು ಹೂ ಬೀಳಿಸಿದರೆ ಸಾಕು. ಏನೂ ಬೀಳಲಿಲ್ಲ. ಗಾಳಿ ಎಂಬುದೇ ಇರಲಿಲ್ಲ. ಐವತ್ತು ಕಿಲೋಮೀಟರಿನ ಚೌಕದಲ್ಲಿ ಒಂದು ದೀಪ ಅಲ್ಲಾಡುವಷ್ಟೂ ಇರಲಿಲ್ಲ. ಬರದೇ ಇದ್ದರೆ? ಮದುವೆ ಮುರಿಯುತ್ತದೆ. ಜ್ಯೋತ್ಸ್ನಾ ಈ ಮನೆಯಲ್ಲೇ ಉಳಿಯುತ್ತಾಳೆ. ಮುಂದಿನ ಆಟಿಗೂ ಎಲೆ, ಅಳತೆ, ಎರಡು ಬೆರಳು. ಅವಳು ಹೋಗಿಬಿಟ್ಟರೆ ತಾನು ಯಾವುದಕ್ಕಿಂತ ಕಡಿಮೆ ಎಂದು ಅಳೆಯುವುದಕ್ಕೆ ಏನೂ ಇರುವುದಿಲ್ಲ, ಆಗ ಕಳೆದು ಉಳಿಯುವುದು ಯಾರು ಎಂದು ಯೋಚಿಸುವಾಗ ಅವಳಿಗೆ ಅಕ್ಕ ಬರದಿದ್ದರೇ ಒಳ್ಳೆಯದೆಂದು ಒಂದು ಕ್ಷಣ ಸ್ಪಷ್ಟವಾಗಿ ಅನಿಸಿತು. ಅನಿಸಿದ್ದು ಕಿಟಕಿಯ ಪರದೆ ದಾಟಿ ಒಳಗೆ ಹೋಯಿತೋ ಎಂಬಂತೆ ಅಮ್ಮನ ಉಸಿರು ಕೇಳಿಸಿತು. ಅಳುವಲ್ಲ. ಅಳಲು ಅಪ್ಪಣೆಗೆ ಕಾಯುತ್ತಿರುವ ಉಸಿರು. ಹುಡುಗನ ಕಡೆಯ ಒಂದು ಗಂಡುಸ್ವರ ಏನೋ ಗುಣುಗುಟ್ಟಿತು. ಯಾರೋ ಪಂಚೆ ಕೊಡವಿ ಎದ್ದರು.

ಸಂಕಪ್ಪ ಮಾವ ಮೂರನೆಯ ಸಲ ಕರೆಯುವ ಮೊದಲು ತಡೆದ. ಅಷ್ಟು ಧೈರ್ಯದ ಮನುಷ್ಯನ ಸ್ವರ ಸವೆದಿತ್ತು.

“ಜ್ಯೋತ್ಸ್ನಾ.”

ತೃಪ್ತಿಯ ಬಾಯಿಗೆ ಬಂದದ್ದು ಪ್ರೆಸೆಂಟ್ ಎಂಬ ಮಾತು. ಆ ಹೆಸರಿಗೆ ಅವಳ ನಾಲಗೆ ಕಲಿತ ಉತ್ತರ ಅದೊಂದೇ. ಅದನ್ನು ನುಂಗಿದಳು. ನುಂಗಿದ ಜಾಗದಿಂದ, ತಾನೇ ಎಂದೂ ಕೇಳಿರದ ಒಂದು ತೆಳ್ಳಗಿನ ಸ್ವರ ಎದ್ದು ಹೊರಗೆ ಬಂತು.

“ಓ.”

ಫೋನಿನಿಂದ ಮಕ್ಕಳು ತಲೆ ಎತ್ತಿದರು. ಅಸ್ಕರ್ ಹಗ್ಗ ಹಿಡಿದವನು ಹಿಡಿದ ಹಾಗೇ ನಿಂತ. ಒಳಗಿನಿಂದ ಸಂಕಪ್ಪ ಮಾವನ ಸ್ವರ, ಮೆಲ್ಲಗೆ, “ಪೊಣ್ಣು ಬತ್ತಳ್” ಎಂದಿತು. ಹುಡುಗಿ ಬಂದಳು. ಆಮೇಲೆ ಅಮ್ಮ ಅತ್ತಳು. ಮನೆಯ ಮಗಳು ಹೊರಟಾಗ ತಾಯಂದಿರು ಅಳುವ ಅಳು. ಅದರಲ್ಲಿ ಸಾವೆಂಬುದು ಇರಲಿಲ್ಲ. ಯಾರೋ ಫ್ಯಾನು ಹಾಕಿದರು. ಧಾರೆಯ ನೀರು ತಟ್ಟೆಗೆ ಬೀಳುವ ಸದ್ದು, ಅಕ್ಕಿ ಚೆಲ್ಲುವ ಸದ್ದು, ಪಾತ್ರೆಗಳ ಸದ್ದು.

ಬಾಗಿಲು ತೆರೆದಾಗ ಮೊದಲು ಬಂದವಳು ಕಾಂತಿ, ಸೀರೆ, ಬಳೆ, ಹೂವಿನ ಗಂಟನ್ನು ಕೂಸಿನ ಹಾಗೆ ಎದೆಗವಚಿ ಹಿಡಿದು. ಕಾರಿನತ್ತ ಹೋಗುವವಳು ತೃಪ್ತಿಯ ಮುಂದೆ ಒಂದು ಹೆಜ್ಜೆ ನಿಧಾನಿಸಿದಳು. “ಹಲ್ಲಿ ಲೊಚಗುಟ್ಟಿತಂತೆ” ಎಂದಳು, ಮುಖ ನೋಡದೆ. “ಅಷ್ಟು ಹೊತ್ತು ಏನೂ ಇಲ್ಲ, ಮಾವ ಮೂರನೇ ಸಲ ಕರೆದದ್ದೇ, ಕಿಟಕಿ ಹತ್ತಿರ ಹಲ್ಲಿ. ಎಲ್ಲರಿಗೂ ಕೇಳಿತು. ಒಳ್ಳೆ ಗುರುತು ಅಂತ ಅವರಿಗೂ ಖುಷಿ.” ಹುಡುಗನ ತಾಯಿ ಗಂಟನ್ನು ಮಡಿಲಿಗೆ ತೆಗೆದುಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಬಿಸಿಲು ತಾಗದಿರಲೆಂದು ಸೆರಗಿನಿಂದ ಮುಚ್ಚಿದರು. ಕಾರು ಮಡಂತ್ಯಾರಿನ ಕಡೆಗೆ ತಿರುಗಿತು. ಅದೇ ಚೌಕದೊಳಗೆ, ಅದೇ ಉಷ್ಣತೆಯಲ್ಲಿ, ಬೇರೆ ಮನೆಗೆ.

ಅಸ್ಕರ್ ಒಳಗಿನಿಂದ ಎರಡು ಕುರ್ಚಿ ತಂದು ಬೇರೆಯಾಗಿ ಇಟ್ಟ. ಜನ ಊಟಕ್ಕೆ ಕೂತರು. ತೃಪ್ತಿ ಕಿಟಕಿಯ ಬದಿಯಲ್ಲೇ ನಿಂತಿದ್ದಳು. ಮೈಮೇಲಿನ ಕುಪ್ಪಸ ತನ್ನದೇ, ಮೂಡುಬಿದಿರೆಯಲ್ಲಿ ತಾನೇ ಹೊಲಿಸಿದ್ದು. ಆದರೂ 'ಸಡಿಲ ಉಂಟಾ' ಎಂದು ನೋಡಲು ಬೆರಳು ತಾನಾಗಿ ತೋಳಿನ ಅಂಚಿಗೆ ಹೋಯಿತು. ಮುಂದಿನ ಶನಿವಾರ ಪ್ರೊಫೆಸರು ಕರೆದರೆ ಯಾರು ಏನೆನ್ನಬೇಕು ಎಂದು ತಿಳಿಯಲಿಲ್ಲ. ಗಂಡನ ಮನೆಗೆ ಹೋಗಿದ್ದಾಳೆ ಸರ್.

ಆಗ ಒಳಗಿನಿಂದ, ಖಾಲಿ ಹಾಲಿನ ಆಚೆಯಿಂದ, ಅಮ್ಮ ಕರೆದಳು.

“ತೃಪ್ತೀ.”

ಅವಳು ಬಾಗಿಲಿನತ್ತ ತಿರುಗಿದಳು. ಬಾಯಿ ತೆರೆದಿತ್ತು. ಒಮ್ಮೆ ಕರೆದರೆ ಓ ಅನ್ನಬಾರದು. ಎರಡನೆಯ ಕರೆಗೆ ಕಾಯುತ್ತ ನಿಂತಳು.